ಲೂಗರ್ ಪಿ08: ಡಿಜಿಟಲ್ ಮಾದರಿಯ ಮಂಡಿಕೀಲು ಕೂರಿಸುವ ಬಗೆ

ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಕಲಿಯುವವರು ಕಟ್ಟಿದ ಲೂಗರ್ ಪಿಸ್ತೂಲಿನ ಮಾದರಿಗಳು ಸ್ಥಿರಚಿತ್ರದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಆನಿಮೇಷನ್ ಓಡಿಸಿದೊಡನೆ ಮೇಲಿನ, ಮಂಡಿಯಂತೆ ಮಡಚುವ ಕೀಲು ಕಳಚಿಕೊಂಡು ಗಾಳಿಯಲ್ಲಿ ತೇಲುತ್ತದೆ. ಈ ಲೇಖನದ ಹೆಚ್ಚಿನ ಪಾಲು ಆ ಕೀಲಿಗೇ ಮೀಸಲು.

ಮೊದಲಿಗೆ ಯಾವ ಲೂಗರ್ ಎಂಬುದನ್ನು ನಿರ್ಧರಿಸಿಕೊಳ್ಳಿ. ಜರ್ಮನ್ ಭೂಸೇನೆ 1908ರಲ್ಲಿ ಒಪ್ಪಿಕೊಂಡ ಪಿ08ರ ನಳಿಗೆ ಸುಮಾರು 100 ಮಿ.ಮೀ., ನೌಕಾಪಡೆಯದು 150, ಫಿರಂಗಿ ದಳದ್ದು 200. ಸಿಕ್ಕ ಸಿಕ್ಕ ಫೋಟೊಗಳನ್ನು ಬೆರೆಸಿದರೆ ಡಿಡಬ್ಲ್ಯುಎಂ ಕಾರ್ಖಾನೆಯ ಮುದ್ರೆಯ ಪಕ್ಕದಲ್ಲೇ ಮೌಸರ್ ಕಾರ್ಖಾನೆಯ ಸಂಕೇತ ಬಂದು ಕೂರುತ್ತದೆ. ನನ್ನ ಆಯ್ಕೆ 1917ರ ಡಿಡಬ್ಲ್ಯುಎಂ. ಅಳತೆಯನ್ನು ಮಿಲಿಮೀಟರ್‌ಗೆ ಹೊಂದಿಸಿ, ಒಟ್ಟು ಉದ್ದವನ್ನು 222 ಮಿ.ಮೀ.ಗೆ ಕಟ್ಟಿ, ಚೌಕಟ್ಟು, ಹಿಡಿಕೆ, ನಳಿಗೆಗಳನ್ನು ಬೇರೆ ಬೇರೆ ವಸ್ತುಗಳಾಗಿ ಮಾಡಿಕೊಳ್ಳಿ.

ಇನ್ನು ಕೀಲು. ಇದರಲ್ಲಿ ಬ್ರೀಚ್ ಬ್ಲಾಕ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ತುಂಡು), ಮುಂದಿನ ಕೊಂಡಿ, ಹಿಂದಿನ ಕೊಂಡಿ ಎಂಬ ಮೂರು ಬಿಡಿಭಾಗಗಳಿವೆ. ಇವನ್ನು ಮೂರು ಪಿನ್ನುಗಳು ಹಿಡಿದಿರುತ್ತವೆ. ಬೆರಳಿನಿಂದ ಎಳೆಯುವ ಎರಡು ಗುಂಡು ಗುಬ್ಬಿಗಳೂ ಹಿಂಬದಿಯ ಗುರಿ ನೋಡುವ ಕಚ್ಚೂ ಹಿಂದಿನ ಕೊಂಡಿಗೆ ಸೇರಿದವು. ಅವನ್ನು ಚೌಕಟ್ಟಿಗೆ ಅಂಟಿಸುವುದೇ ಹೆಚ್ಚಿನವರ ಮೊದಲ ತಪ್ಪು. ಪ್ರತಿ ಭಾಗದ ಮೂಲಬಿಂದುವನ್ನು (ಅದು ತಿರುಗುವ ನೆಲೆ) ಅದರ ಪಿನ್ನಿನ ನಡುವಿಗೇ ತಂದಿಡಿ. ಹಿಂದಿನ ಪಿನ್ನಿನಿಂದ ನಡುವಿನ ಪಿನ್ನಿಗೆ ಒಂದು ಬೋನ್ (ಭಾಗಗಳನ್ನು ಆಡಿಸುವ ಡಿಜಿಟಲ್ ಎಲುಬು), ಅಲ್ಲಿಂದ ಬ್ರೀಚ್ ಬ್ಲಾಕ್‌ನ ಪಿನ್ನಿಗೆ ಇನ್ನೊಂದು ಬೋನ್ ಎಳೆದು, ಎರಡನೆಯದಕ್ಕೆ ಐಕೆ (ತುದಿ ಸರಿದಂತೆ ಬೋನುಗಳು ತಾವಾಗಿ ಮಡಚುವ ಏರ್ಪಾಡು) ಕಟ್ಟಿ, ಬ್ರೀಚ್ ಬ್ಲಾಕನ್ನೇ ಅದರ ಗುರಿಯಾಗಿಸಿ. ಐಕೆ ಸರಣಿಯ ಉದ್ದ 2, ಅಂದರೆ ಎರಡು ಬೋನು, ಇರಲಿ. ನಿಜವಾದ ಪಿಸ್ತೂಲಿನಲ್ಲಿ ಮುಚ್ಚಿದಾಗ ನಡುವಿನ ಪಿನ್ನು ಉಳಿದೆರಡರ ರೇಖೆಗಿಂತ ಕೂದಲೆಳೆಯಷ್ಟು ಕೆಳಗಿರುತ್ತದೆ. ಬೀಗ ಬಿಗಿಯಾಗುವುದು ಅದರಿಂದಲೇ. ಆದರೆ ಬೋನುಗಳನ್ನು ಹಾಗೆಯೇ ಇಟ್ಟರೆ ಮಂಡಿ ಕೆಳಮುಖವಾಗಿ ಮಡಚಿ ಚೌಕಟ್ಟನ್ನು ತೂರಿಕೊಂಡು ಹೋಗುತ್ತದೆ. ಇಲ್ಲಿ ಮಾತ್ರ ವಾಸ್ತವವನ್ನು ಬದಿಗಿಟ್ಟು, ನಡುವಿನ ಗಂಟನ್ನು ಕಣ್ಣಿಗೆ ಕಾಣದಷ್ಟು ಮೇಲಕ್ಕೆತ್ತಿ.

ಚಲನೆಗೂ ಒಂದು ಕ್ರಮವಿದೆ. ಗುಂಡು ಹಾರಿದಾಗ ನಳಿಗೆ ಮತ್ತು ಕೀಲು ಒಟ್ಟಾಗಿ, ಕೀಲು ನೇರವಾಗಿರುವಾಗಲೇ, ತುಸು ಹಿಂದೆ ಸರಿಯುತ್ತವೆ. ಅನಂತರ ಗುಬ್ಬಿಗಳು ಚೌಕಟ್ಟಿನ ಇಳಿಜಾರು ಭುಜಕ್ಕೆ ತಾಗಿ ಮಂಡಿ ಮೇಲೇಳುತ್ತದೆ. ಮೊದಲ ಫ್ರೇಮಿನಿಂದಲೇ ಮಂಡಿಯನ್ನು ಎತ್ತುವವರು ಈ ಯಂತ್ರದ ಸೊಗಸನ್ನೇ ಕಳೆದುಬಿಡುತ್ತಾರೆ.

ಅಂಚುಗಳಿಗೆ ಸಣ್ಣ ಬೆವೆಲ್ (ಚೂಪು ತೆಗೆದ ಇಳಿಜಾರು) ಕೊಡಿ. ಹಿಡಿಕೆಯ ವಾಲ್‌ನಟ್ ಮರದ ಚೌಕುಳಿ ಗೆರೆಗಳನ್ನು ಮೆಶ್‌ನಲ್ಲಿ, ಅಂದರೆ ಮಾದರಿಯ ಆಕಾರದಲ್ಲೇ, ಕೆತ್ತಬೇಡಿ. ಉಬ್ಬುತಗ್ಗುಗಳ ಭ್ರಮೆ ಹುಟ್ಟಿಸುವ ಚಿತ್ರವಾದ ನಾರ್ಮಲ್ ಮ್ಯಾಪ್ ಸಾಕು.

ಬಣ್ಣದ ವಿಷಯದಲ್ಲಿ ರೆಡಿಮೇಡ್ ‘ಸವೆದ ಲೋಹ’ದ ಮೆಟೀರಿಯಲ್‌ಗಳನ್ನು ನಂಬಬೇಡಿ. ನಾನು ದುಡ್ಡು ಕೊಟ್ಟು ಕೊಂಡ ಒಂದು ಕಟ್ಟು ಪ್ರತಿ ಅಂಚಿಗೂ ಸುಣ್ಣ ಬಳಿದಂತೆ ಬಿಳಿ ಗೆರೆ ಎಳೆದಿತ್ತು. ಸವೆತ ಬರುವುದು ಚರ್ಮದ ಒರೆ ಉಜ್ಜುವ ನಳಿಗೆಯ ತುದಿಯಲ್ಲಿ, ಬೆರಳು ತಾಗುವ ಗುಬ್ಬಿಗಳ ಮೇಲೆ. ಅದರ ಬಣ್ಣ ಮಂಕು ಬೂದು. 1917ರ ಪಿಸ್ತೂಲಿನ ಟ್ರಿಗರ್ ಮತ್ತು ಸೇಫ್ಟಿ ಸನ್ನೆಗೆ ಒಣಹುಲ್ಲಿನ ಹಳದಿ ಛಾಯೆ ಬೇಕು, ಚಿನ್ನದ್ದಲ್ಲ. 1940ರ ಮೌಸರ್ ಆಗಿದ್ದರೆ ಅವೂ ಕಡುನೀಲಿಯೇ. ಮ್ಯಾಗಜೀನಿನ ಬುಡವನ್ನು ಮರದ್ದಾಗಿಯೇ ಬಿಡಿ. ರೆಂಡರ್ ಮಾಡುವಾಗ ಪಕ್ಕದಿಂದ ಒಂದೇ ದೊಡ್ಡ ಮೃದು ಬೆಳಕು ಕೊಟ್ಟರೆ ಲೋಹದ ಕಡುನೀಲಿ ತಾನಾಗಿ ಕಾಣಿಸಿಕೊಳ್ಳುತ್ತದೆ.