ಚರ್ಚಿಗೆ ಹೋಗಲಾಗದವರಿಗೆ ಮನೆಯಲ್ಲೇ ಪರಮಪ್ರಸಾದ: ತಯಾರಿ ಹೇಗೆ?

ಪರಮಪ್ರಸಾದ ಅಂದರೆ ಪೂಜೆಯಲ್ಲಿ ಯೇಸುವಿನ ಶರೀರವೆಂದು ನಾವು ಕಥೋಲಿಕರು ಸ್ವೀಕರಿಸುವ ರೊಟ್ಟಿ. ಅದು ಮನೆಗೇ ಬರಬೇಕಿದ್ದರೆ ಮೊದಲು ಚರ್ಚಿಗೆ ಒಂದು ಫೋನ್ ಮಾಡಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಅಂತ ಫಾದರ್‌ಗೆ ತಾನಾಗಿ ತಿಳಿಯುವುದಿಲ್ಲ. ‘ಚರ್ಚಿನವರು ಯಾರೂ ಬಂದು ನೋಡಲಿಲ್ಲ’ ಎಂದು ಬೇಸರ ಮಾಡಿಕೊಳ್ಳುವ ಎಷ್ಟೋ ಮನೆಗಳಲ್ಲಿ ಯಾರೂ ಹೇಳಿಯೇ ಇರುವುದಿಲ್ಲ.

ನಾವು ಕಾರವಾರದ ಕೋಡಿಬಾಗದವರು. ಸೊಂಟದ ಮೂಳೆ ಮುರಿದ ಮೇಲೆ ನಮ್ಮ ಅತ್ತೆಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಕಾರವಾರ ಪ್ರತ್ಯೇಕ ಧರ್ಮಪ್ರಾಂತ್ಯ (ಒಬ್ಬ ಬಿಷಪರ ಕೆಳಗಿನ ಚರ್ಚುಗಳ ವಲಯ) ಆದದ್ದು 1976ರಲ್ಲಿ. ಅದಕ್ಕೂ ಮೊದಲು, ನಾವು ಬೆಳಗಾವಿಗೆ ಸೇರಿದ್ದ ಕಾಲದಿಂದಲೂ ಭಾನುವಾರದ ಪೂಜೆ ತಪ್ಪಿಸದ ಹೆಂಗಸು ಅವರು. ನೋವಿಗಿಂತ ಜಾಸ್ತಿ ಅವರನ್ನು ಕಾಡಿದ್ದು, ಎಲ್ಲರೂ ಅಲ್ಲಿದ್ದಾರೆ, ನಾನೊಬ್ಬಳೇ ಇಲ್ಲಿ ಅನ್ನೋದು.

ಎಷ್ಟೋ ಚರ್ಚುಗಳಲ್ಲಿ ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರ ಮನೆಗೆ ಪರಮಪ್ರಸಾದ ತರುತ್ತಾರೆ. ನಿಮ್ಮಲ್ಲಿ ಯಾವ ದಿನ ಅಂತ ಕೇಳಿ. ಪ್ರಾರ್ಥನೆ ಕೊಂಕಣಿಯಲ್ಲಿ ಬೇಕೋ, ಕನ್ನಡದಲ್ಲೋ, ಕಿವಿ ಸರಿ ಕೇಳುತ್ತದೋ, ಎಲ್ಲ ಆಗಲೇ ಹೇಳಿಬಿಡಿ. ಪಾಪನಿವೇದನೆ (ಫಾದರ್ ಮುಂದೆ ತಪ್ಪು ಒಪ್ಪಿಕೊಂಡು ಕ್ಷಮೆ ಪಡೆಯುವುದು) ಮಾಡಬೇಕಿದ್ದರೆ ಅದನ್ನಂತೂ ಮರೆಯದೆ ಹೇಳಿ. ಕೆಲವೊಮ್ಮೆ ಪರಮಪ್ರಸಾದ ತರುವವರು ಫಾದರ್ ಆಗಿರುವುದಿಲ್ಲ. 1973ರಿಂದ ಸಾಮಾನ್ಯ ಭಕ್ತರಿಗೂ ಈ ಕೆಲಸ ವಹಿಸಲು ಅವಕಾಶವಿದೆ. ಅವರು ಪರಮಪ್ರಸಾದ ಕೊಡಬಹುದು, ಪಾಪನಿವೇದನೆ ಕೇಳುವಂತಿಲ್ಲ.

ಫಾದರ್ ಬಂದರೆ ಅಕ್ಕಪಕ್ಕದವರು ‘ಏನಾಯ್ತು, ಸೀರಿಯಸ್ಸಾ?’ ಎಂದು ಓಡಿ ಬರುತ್ತಾರೆ. ಅವರನ್ನೂ ಕೂರಿಸಿಕೊಳ್ಳಿ! ತೈಲಲೇಪನ (ಫಾದರ್ ಕಾಯಿಲೆಯವರಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವುದು) ಕೂಡ ಸಾಯುವವರಿಗೆ ಮಾತ್ರ ಅಲ್ಲ. ಕಾಯಿಲೆ ಜೋರಾದಾಗ, ದೊಡ್ಡ ಆಪರೇಷನ್‌ಗೆ ಮುಂಚೆ, ವಯಸ್ಸಾಗಿ ಶಕ್ತಿ ಕುಂದಿದಾಗ ಅದನ್ನು ಕೇಳಬಹುದು.

ತಯಾರಿ ದೊಡ್ಡದೇನಲ್ಲ. ಮಂಚದ ಪಕ್ಕ ಒಂದು ಸ್ಟೂಲ್, ಮೇಲೆ ತೊಳೆದ ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಒಂದು ಲೋಟ ಕುಡಿಯುವ ನೀರು, ಒಂದು ಚಮಚ. ನಾನು ಅಬ್ಬಲಿಗೆ ಹೂವನ್ನೂ ಇಡುತ್ತೇನೆ, ಅತ್ತೆಗೆ ಇಷ್ಟ. ನಮ್ಮ ಮಳೆಗಾಲದಲ್ಲಿ ಬೆಂಕಿಪೊಟ್ಟಣ ಮೆತ್ತಗಾಗಿಬಿಡುತ್ತದೆ, ಲೈಟರ್ ಇಟ್ಟುಕೊಳ್ಳಿ. ಆಕ್ಸಿಜನ್ ಹಾಕಿದ ಕೋಣೆಯಲ್ಲಿ ಮಾತ್ರ ಮೇಣದಬತ್ತಿ ಹಚ್ಚಲೇಬೇಡಿ. ಟಿವಿ ಬಂದ್ ಮಾಡಿ.

ಚರ್ಚಿನಲ್ಲಿ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನುವಂತಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಈ ನಿಯಮದ ಕಟ್ಟು ಇಲ್ಲ. ಹಾಗಾಗಿ ಶುಗರ್ ಇರುವವರನ್ನು ಸುಮ್ನೆ ಉಪವಾಸ ಕೂರಿಸಬೇಡಿ. ನುಂಗಲು ಕಷ್ಟವಿದ್ದರೆ ಚಿಕ್ಕ ಚೂರು ಸಾಕು, ಹಿಂದೆಯೇ ಒಂದು ಚಮಚ ನೀರು ಕೊಡಿ. ಗಟ್ಟಿ ಪದಾರ್ಥ ಏನೂ ಇಳಿಯದವರಿಗೆ ದ್ರಾಕ್ಷಾರಸದ ರೂಪದಲ್ಲೇ ಕೊಡಲು ಬರುತ್ತದೆ, ಮೊದಲೇ ಹೇಳಿರಬೇಕು ಅಷ್ಟೆ.

ಪರಮಪ್ರಸಾದಕ್ಕೆ ಮುಂಚೆ ನಾವೆಲ್ಲ ಹೇಳುವ ಮಾತು ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿ ರೋಮನ್ ಶತಾಧಿಪತಿಯೊಬ್ಬ (ನೂರು ಸೈನಿಕರ ನಾಯಕ) ಯೇಸುವಿಗೆ ಹೇಳಿದ್ದು: ಪ್ರಭುವೇ, ನೀವು ನನ್ನ ಮನೆಗೆ ಬರಲು ನಾನು ಯೋಗ್ಯನಲ್ಲ. ಅವನ ಆಳು ಮನೆಯಲ್ಲಿ ಕಾಯಿಲೆ ಬಿದ್ದಿದ್ದ. ಚರ್ಚಿನಲ್ಲಿ ಈ ಮಾತು ಬಾಯಿಪಾಠವಾಗಿ ಹೋಗುತ್ತದೆ. ಔಷಧಿ ಬಾಟಲಿ, ಬೆಡ್‌ಪ್ಯಾನ್ ಇರುವ ಕೋಣೆಯಲ್ಲಿ ಹೇಳಿದಾಗ ಬೇರೆಯೇ ಆಗುತ್ತದೆ. ಕೋಣೆ ಚೆನ್ನಾಗಿಲ್ಲ ಅಂತ ಫೋನ್ ಮಾಡಲು ಸಂಕೋಚಪಡುವವರು ಆ ಶತಾಧಿಪತಿಯನ್ನು ನೆನೆಯಿರಿ, ಯೋಗ್ಯನಲ್ಲ ಎನ್ನುತ್ತಲೇ ಅವನೂ ಕೇಳಿದ.

ಮುಗಿದ ಮೇಲೆ ಕೂಡಲೇ ಮಾತಿಗೆ ಶುರು ಮಾಡಬೇಡಿ, ಸ್ವಲ್ಪ ಹೊತ್ತು ಅವರಿಗೆ ಬಿಡಿ. ಆಮೇಲೆ ಚಹಾ. ತಂದವರು ಅವಸರದಲ್ಲಿರುತ್ತಾರೆ, ಇನ್ನೂ ನಾಲ್ಕು ಮನೆ ಇರುತ್ತದೆ. ಆದರೂ ಯಾರ ಮಗಳಿಗೆ ಮದುವೆ ಗೊತ್ತಾಯ್ತು, ಯಾರ ದೋಣಿ ರಿಪೇರಿಗೆ ಬಂತು ಅಂತ ಎರಡು ಮಾತು ಅತ್ತೆಗೆ ಹೇಳಿ ಹೋಗಲಿ ಅಂತ ನಾನೇ ಕೇಳಿಕೊಳ್ಳುತ್ತೇನೆ. ಅವರಿಗೆ ಅದೂ ಬೇಕು, ಅಲ್ವಾ?

ಉಳಿದ ಭಾನುವಾರಗಳಲ್ಲಿ ಮೊಬೈಲಿನ ಲೈವ್ ಪೂಜೆ ಇದ್ದೇ ಇದೆ. ರೊಟ್ಟಿ, ದ್ರಾಕ್ಷಿ ರಸ ತಂದು ಮನೆಯಲ್ಲಿ ನಾವೇ ಪರಮಪ್ರಸಾದ ಮಾಡಿಕೊಳ್ಳುವ ಪದ್ಧತಿ ಕಥೋಲಿಕರಲ್ಲಿಲ್ಲ. ಬೇರೆ ಕ್ರೈಸ್ತ ಸಭೆಯವರು ತಮ್ಮ ಪಾಸ್ಟರನ್ನು ಕೇಳಿ. ನಮ್ಮಲ್ಲಿ ಆ ಹೊತ್ತಿಗೆ, ಈಗ ನಿಮ್ಮನ್ನು ಸ್ವೀಕರಿಸಲು ಆಗುತ್ತಿಲ್ಲ, ಮನಸ್ಸಿನೊಳಗಾದರೂ ಬನ್ನಿ ಎಂದು ಯೇಸುವನ್ನು ಕೇಳಿಕೊಳ್ಳುವ ಪ್ರಾರ್ಥನೆ ಇದೆ. 2020ರ ಲಾಕ್‌ಡೌನಿನಲ್ಲಿ ಪೋಪ್ ಫ್ರಾನ್ಸಿಸ್ ಇದನ್ನೇ ಎಲ್ಲರಿಂದ ಮಾಡಿಸಿದ್ದರು.

ನನ್ನ ಕೇಳಿದರೆ, ಸಂಜೆಯ ಜಪಸರ (ಮಣಿಸರ ಹಿಡಿದು ಮರಿಯಮ್ಮನವರಿಗೆ ಮಾಡುವ ಪ್ರಾರ್ಥನೆ) ಲೈವ್ ಪೂಜೆಗಿಂತ ಹೆಚ್ಚು ಹತ್ತಿರ ತರುತ್ತದೆ. ಅದರಲ್ಲಿ ಕಾಯಿಲೆಯವರೂ ಬಾಯಿ ಬಿಡಬೇಕಲ್ಲ. ಮುನ್ನಡೆಸುವ ಕೆಲಸ ಅವರಿಗೇ ಕೊಡಿ. ಜಪದ ಜೊತೆ ಧ್ಯಾನಿಸುವ ಯೇಸು, ಮರಿಯಮ್ಮನವರ ಬದುಕಿನ ಘಟನೆಗಳಿಗೆ ರಹಸ್ಯಗಳು ಅನ್ನುತ್ತೇವೆ. 2002ರಲ್ಲಿ ಬಂದ ಬೆಳಕಿನ ರಹಸ್ಯಗಳು ಗುರುವಾರಕ್ಕೆ. ನಮ್ಮ ಅತ್ತೆ ಮಾತ್ರ ಇಂದಿಗೂ ಗುರುವಾರ ಹಳೆಯ ಸಂತೋಷದ ರಹಸ್ಯಗಳನ್ನೇ ಹೇಳುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಹೊನ್ನಾವರದ ನಾದಿನಿ ಫೋನಿನಲ್ಲಿ ಸೇರಿಕೊಳ್ಳುತ್ತಾಳೆ. ಜಪ ಮುಗಿದ ಮೇಲೆ ಕಿರಿಯರು ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳುವ ರೂಢಿ ಬಿಡಬೇಡಿ. ದಿನವಿಡೀ ಇನ್ನೊಬ್ಬರಿಂದ ಮಾಡಿಸಿಕೊಳ್ಳುವವರು ಆಗ ಕೊಡುವವರಾಗುತ್ತಾರೆ. ಮಳೆಗೆ ನೆಟ್‌ವರ್ಕ್ ಕೈಕೊಟ್ಟರೆ ವಿಡಿಯೊ ಬಿಟ್ಟು ಸಾದಾ ಕಾಲ್ ಮಾಡಿ, ಸ್ಪೀಕರ್ ಹಾಕಿ ದಿಂಬಿನ ಹತ್ತಿರ ಇಡಿ.