ಹೆವಿ ಲೈಸೆನ್ಸ್ ನವೀಕರಣ: ಬಿ.ಪಿ. ಇರುವ ಚಾಲಕರು ಫಾರ್ಮ್ 1-ಎಗೆ ತಯಾರಾಗುವುದು ಹೇಗೆ?

ಲಾರಿ, ಬಸ್, ಟ್ಯಾಂಕರ್ ಓಡಿಸುವವರು ಲೈಸೆನ್ಸ್ ನವೀಕರಿಸುವಾಗ ಫಾರ್ಮ್ 1-ಎ ಕೊಡಬೇಕು. ಡಾಕ್ಟರ್ ತುಂಬಿ, ಸಹಿ ಹಾಕಿ, ಸೀಲು ಒತ್ತುವ ಮೆಡಿಕಲ್ ಸರ್ಟಿಫಿಕೇಟ್ ಅದು. ಕಣ್ಣು ಸರಿ ಇದೆಯೇ, ಕೆಂಪು-ಹಸಿರು ಬಣ್ಣ ಗೊತ್ತಾಗುತ್ತದೆಯೇ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ, ಇರುಳುಗಣ್ಣು ಇದೆಯೇ, ಕಿವಿ ಕೇಳುತ್ತದೆಯೇ, ಕೈಕಾಲಿಗೆ ಊನ ಇದೆಯೇ ಎಂದೆಲ್ಲ ಅದರಲ್ಲಿ ಕೇಳುತ್ತಾರೆ. ಬಿ.ಪಿ. ಎಷ್ಟು ಎಂದು ಬರೆಯಲು ಮಾತ್ರ ಒಂದು ಕಾಲಂ ಇಲ್ಲ.

ಅಮೆರಿಕದ ಟ್ರಕ್ ಚಾಲಕರ ಕಥೆ ಬೇರೆ. ಅಲ್ಲಿ ಸರ್ಟಿಫಿಕೇಟಿನ ಆಯಸ್ಸನ್ನು ಬಿ.ಪಿ.ಯೇ ನಿರ್ಧರಿಸುತ್ತದೆ. 140/90ರ ಒಳಗಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಎರಡು ವರ್ಷ. ಅದಕ್ಕಿಂತ ಜಾಸ್ತಿ ಇದ್ದರೆ ಅವಧಿ ಕಡಿತ. 180/110ಕ್ಕೆ ಹೋದರೆ, ಇಳಿಯುವ ತನಕ ಗಾಡಿ ಓಡಿಸುವಂತಿಲ್ಲ. ನಮ್ಮಲ್ಲಿ ಈ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಚಾಲಕರೇ ಕೇಳಿಕೊಳ್ಳಬೇಕು. ಆರ್‌ಟಿಒ ಆಫೀಸಿನ ಸುತ್ತ ಮುಖ ನೋಡಿ ಸರ್ಟಿಫಿಕೇಟ್ ಕೊಡುವವರು ಸಿಗುತ್ತಾರೆ ನಿಜ. ಆದರೆ ಆ ಸರ್ಟಿಫಿಕೇಟ್ ಇದ್ದರೆ ಫೈಲ್ ಮುಂದೆ ಹೋಗುತ್ತದೆ ಅಷ್ಟೆ, ಬಿ.ಪಿ. ಇಳಿಯುವುದಿಲ್ಲ.

ಮೊದಲು ತಾರೀಖು ನೋಡಿ

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಸಾರಿಗೆ ವಾಹನದ ಲೈಸೆನ್ಸ್ ಅವಧಿ 5 ವರ್ಷ. ಗ್ಯಾಸ್, ಪೆಟ್ರೋಲ್, ಕೆಮಿಕಲ್‌ನಂಥ ಅಪಾಯಕಾರಿ ಸರಕು ಸಾಗಿಸುವವರಿಗೆ 3 ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಟ್ರ್ಯಾಕ್‌ನಲ್ಲಿ ಗಾಡಿ ಓಡಿಸಿ ತೋರಿಸಬೇಕಾಗುತ್ತದೆ.

ಬಿ.ಪಿ. ಇರುವವರು ಕನಿಷ್ಠ ಮೂರು ತಿಂಗಳು ಮೊದಲೇ ತಯಾರಿ ಶುರು ಮಾಡುವುದು ಒಳ್ಳೆಯದು. ಮಾತ್ರೆ ಶುರು ಮಾಡಿ, ಸಾಲದಿದ್ದರೆ ಡೋಸ್ ಬದಲಿಸಿ, ಬಿ.ಪಿ. ಹಿಡಿತಕ್ಕೆ ಬರಲು ವಾರಗಳೇ ಬೇಕು. ಕೊನೆಯ ವಾರ ಓಡಾಡಿದರೆ ಆಗುವ ಕೆಲಸ ಅಲ್ಲ.

ಬಿ.ಪಿ.ಯನ್ನು ಸರಿಯಾಗಿ ನೋಡಿಸಿ

ರಾತ್ರಿಯಿಡೀ ಗಾಡಿ ಓಡಿಸಿ, ಲೋಡ್ ಇಳಿಸಿ, ಒಂದು ಟೀ ಕುಡಿದು, ಒಂದು ಬೀಡಿ ಎಳೆದು ನೇರ ಕ್ಲಿನಿಕ್‌ಗೆ ಹೋಗಿ ಕೈ ಚಾಚಿದರೆ ಬಿ.ಪಿ. ಜಾಸ್ತಿ ತೋರಿಸದೆ ಇನ್ನೇನು ಮಾಡೀತು? ಚೆನ್ನಾಗಿ ನಿದ್ದೆ ಮಾಡಿದ ಮರುದಿನ ಬೆಳಿಗ್ಗೆ ಹೋಗಿ. ಅರ್ಧ ಗಂಟೆ ಮೊದಲಿನಿಂದ ಟೀ, ಕಾಫಿ, ಬೀಡಿ, ಗುಟ್ಕಾ ಬೇಡ. ಮೂತ್ರ ಕಟ್ಟಿಕೊಂಡು ಕೂರಬೇಡಿ, ಅದಕ್ಕೂ ಬಿ.ಪಿ. ಏರುತ್ತದೆ. ಐದು ನಿಮಿಷ ಸುಮ್ನೆ ಕುಳಿತುಕೊಳ್ಳಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ಪಟ್ಟಿಯನ್ನು ಅಂಗಿಯ ಮೇಲೆ ಕಟ್ಟಿಸಿಕೊಳ್ಳಬೇಡಿ. ತೋಳು ಎದೆಯ ಮಟ್ಟದಲ್ಲಿರಲಿ. ನೋಡುವಾಗ ಮಾತು ಬೇಡ, ಫೋನಂತೂ ಬೇಡವೇ ಬೇಡ.

ದಪ್ಪ ತೋಳಿನವರು ದೊಡ್ಡ ಪಟ್ಟಿ ಕೇಳಿ. ಚಿಕ್ಕ ಪಟ್ಟಿ ಕಟ್ಟಿದರೆ ಬಿ.ಪಿ. ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಎರಡು ಸಲ ನೋಡಿಸಿ, ನಡುವೆ ಒಂದೆರಡು ನಿಮಿಷ ಬಿಡಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಿ.ಪಿ. ಇದೆ ಎಂದೇ ಲೆಕ್ಕ. ತಲೆನೋವು, ಸುಸ್ತು ಏನೂ ಇಲ್ಲವಲ್ಲ ಎಂದು ವಾದ ಮಾಡಬೇಡಿ. ಬಹಳ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ.

ಇದಕ್ಕೆ ದುಡ್ಡು ಕೊಡಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ ‘ನಮ್ಮ ಕ್ಲಿನಿಕ್’, ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿ.ಪಿ. ಉಚಿತವಾಗಿ ನೋಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ. ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿಬಿಡಿ.

ಒಂದು ಎಚ್ಚರಿಕೆ. ಬಿ.ಪಿ. 180/120 ದಾಟಿದ್ದು, ಜತೆಗೆ ಎದೆನೋವು, ಉಸಿರಾಟದ ಕಷ್ಟ, ಕಣ್ಣು ಮಂಜಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲಿನ ಬಲ ಹೋಗುವುದು ಇವುಗಳಲ್ಲಿ ಒಂದಿದ್ದರೂ ಸರ್ಟಿಫಿಕೇಟಿನ ಮಾತು ಬಿಡಿ. 108ಕ್ಕೆ ಫೋನ್ ಮಾಡಿ. ರಸ್ತೆಯಲ್ಲಿದ್ದರೆ ಗಾಡಿ ಪಕ್ಕಕ್ಕೆ ಹಾಕಿ. ಮುಂದಿನ ಊರಿನ ತನಕ ಹೋಗಿ ನೋಡೋಣ ಅನ್ನಬೇಡಿ.

ಮಾತ್ರೆ ಶುರು ಮಾಡುವುದು ಯಾವಾಗ?

ಹೊಸ ಮಾತ್ರೆಯನ್ನು ಸಾಧ್ಯವಾದಷ್ಟು ಮನೆಯಲ್ಲಿರುವಾಗಲೇ ಶುರು ಮಾಡಿ. ಕೆಲವರಿಗೆ ಮೊದಲ ಕೆಲವು ದಿನ ಕುಳಿತಲ್ಲಿಂದ ಎದ್ದಾಗ ತಲೆ ಸುತ್ತುತ್ತದೆ. ಆ ಸ್ಥಿತಿಯಲ್ಲಿ ಲೋಡ್ ಗಾಡಿ ಶಿರಾಡಿ ಘಾಟಿ ಇಳಿಯುವುದು ಬೇಡ, ಅಲ್ವಾ? ಡಾಕ್ಟರಿಗೆ ಮೊದಲೇ ಹೇಳಿ: ನಾನು ಲಾರಿ ಡ್ರೈವರ್, ರಾತ್ರಿ ಓಡಿಸುತ್ತೇನೆ, ಊಟದ ಹೊತ್ತು ನಿಗದಿಯಿಲ್ಲ. ದಿನಕ್ಕೆ ಒಂದೇ ಸಲ ನುಂಗುವ ಮಾತ್ರೆಗಳಿವೆ. ಮೂತ್ರ ಜಾಸ್ತಿ ಬರಿಸುವ ಮಾತ್ರೆ ಕೊಟ್ಟರೆ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಎಂದು ಕೇಳಿಕೊಳ್ಳಿ. ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದ ಊದುತ್ತದೆ. ಹಾಗಾದರೆ ನೀವೇ ಮಾತ್ರೆ ಬಿಡಬೇಡಿ, ಡಾಕ್ಟರಿಗೆ ಹೇಳಿ, ಬದಲಿಸಿ ಕೊಡುತ್ತಾರೆ.

ಚಾಲಕರು ಗಮನ ಕೊಡದ ಇನ್ನೊಂದು ವಿಷಯವಿದೆ: ಸೊಂಟನೋವಿನ ಮಾತ್ರೆ. ದಿನವಿಡೀ ಸೀಟಿನಲ್ಲಿ ಕುಳಿತರೆ ಸೊಂಟ ಹಿಡಿಯುವುದು ಸಹಜ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ಬಿ.ಪಿ. ಏರಿಸುತ್ತವೆ, ಬಿ.ಪಿ. ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆಗಳದ್ದೂ ಇದೇ ಕಥೆ. ಬಿ.ಪಿ. ಇದೆ ಎಂದು ಅಂಗಡಿಯವರಿಗೆ ಹೇಳಿಯೇ ಕೇಳಿ.

ಗೊರಕೆಯನ್ನೂ ತಮಾಷೆ ಮಾಡಿ ಬಿಡಬೇಡಿ. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಲ್ಲುವವರಿಗೆ ಬಿ.ಪಿ. ಸುಲಭಕ್ಕೆ ಇಳಿಯುವುದಿಲ್ಲ, ಹಗಲಲ್ಲಿ ತೂಕಡಿಕೆಯೂ ಬರುತ್ತದೆ. ಕ್ಯಾಬಿನ್‌ನಲ್ಲಿ ಜತೆಗೆ ಮಲಗುವ ಕ್ಲೀನರ್‌ಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಕೇಳಿ ನೋಡಿ.

ಉಪ್ಪು ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ, ಅಂದರೆ 5 ಗ್ರಾಂ ಒಳಗೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಢಾಬಾದಲ್ಲಿ ಯಾರು ಅಳೆದು ಹಾಕುತ್ತಾರೆ? ಉಪ್ಪಿನಕಾಯಿ, ಹಪ್ಪಳ ಬಿಡಿ, ಮಜ್ಜಿಗೆಗೆ ಉಪ್ಪು ಬೇಡ ಎನ್ನಿ. ಅಷ್ಟು ನಿಮ್ಮ ಕೈಯಲ್ಲಿದೆ.

ಸರ್ಟಿಫಿಕೇಟ್ ಮಾಡಿಸುವ ದಿನ

ಫೋಟೊ, ಹಳೆಯ ಲೈಸೆನ್ಸ್, ಬಿ.ಪಿ. ಬರೆದಿಟ್ಟ ಚೀಟಿ, ಮಾತ್ರೆ ಚೀಟಿ, ಕನ್ನಡಕ ಇದ್ದರೆ ಕನ್ನಡಕ ತೆಗೆದುಕೊಂಡು ಹೋಗಿ. ಆ ದಿನದ ಮಾತ್ರೆ ತಪ್ಪಿಸಬೇಡಿ. ಯಾವ ವೈದ್ಯರ ಸರ್ಟಿಫಿಕೇಟ್ ಸ್ವೀಕರಿಸುತ್ತಾರೆ ಎಂದು ನಿಮ್ಮ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿದರೆ ಎರಡು ಓಡಾಟ ತಪ್ಪುತ್ತದೆ. ಫಾರ್ಮ್‌ನಲ್ಲಿ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಸಹಿ, ಸೀಲು ಇವೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಬಿ.ಪಿ. ಮುಚ್ಚಿಡುವ ಅಗತ್ಯವಿಲ್ಲ. ಬಿ.ಪಿ. ಇದೆ ಎಂದ ಮಾತ್ರಕ್ಕೆ ಲೈಸೆನ್ಸ್ ಕೊಡಬಾರದು ಎಂಬ ನಿಯಮ ನಮ್ಮಲ್ಲಿಲ್ಲ. ಆದರೆ ಫಾರ್ಮ್ 1-ಎ ಕೊನೆಗೆ ವೈದ್ಯರು ಫಿಟ್ ಅಥವಾ ಅನ್‌ಫಿಟ್ ಎಂದು ತಮ್ಮ ತೀರ್ಮಾನ ಬರೆಯಬೇಕು. ಬಿ.ಪಿ. ತೀರಾ ಜಾಸ್ತಿ ಇದ್ದರೆ ಸಹಿಗೆ ಮೊದಲು ಇಳಿಸಿಕೊಂಡು ಬನ್ನಿ ಎಂದು ಒಳ್ಳೆಯ ಡಾಕ್ಟರ್ ಹೇಳಿಯೇ ಹೇಳುತ್ತಾರೆ. ಜಗಳ ಬೇಡ. ಮೂರು ತಿಂಗಳು ಮೊದಲೇ ಶುರು ಮಾಡಿ ಎಂದದ್ದು ಇದಕ್ಕೇ. ಬಹಳ ವರ್ಷ ಬಿ.ಪಿ. ಜಾಸ್ತಿ ಇದ್ದವರು ಕಣ್ಣಿನ ಒಳಪದರವನ್ನೂ ಪರೀಕ್ಷೆ ಮಾಡಿಸಬೇಕು. ಬಿ.ಪಿ. ಅಲ್ಲಿನ ರಕ್ತನಾಳಗಳನ್ನು ಹಾಳು ಮಾಡಬಲ್ಲದು.

ಫಾರ್ಮ್ 1 ಬೇರೆ, ಅದು ನಿಮ್ಮ ಆರೋಗ್ಯದ ಬಗ್ಗೆ ನೀವೇ ಕೊಡುವ ಘೋಷಣೆ. ಫಿಟ್ಸ್, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇವೆಯೇ ಎಂದು ಅದರಲ್ಲಿ ಕೇಳುತ್ತಾರೆ. ಏಜೆಂಟ್ ಎಲ್ಲದಕ್ಕೂ ಇಲ್ಲ ಎಂದು ಟಿಕ್ ಹಾಕಿ ತಂದರೆ ಓದದೆ ಸಹಿ ಮಾಡಬೇಡಿ. ಕೆಳಗಿರುವುದು ಅವರ ಹೆಸರಲ್ಲ. ಜನರಿಗೆ ಅಪಾಯ ಆಗುವಂಥ ಕಾಯಿಲೆ ಇದೆ ಎಂದು ಗೊತ್ತಿದ್ದೂ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 186ರಲ್ಲಿ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿದರೆ 2,000 ರೂಪಾಯಿವರೆಗೆ ದಂಡವಿದೆ.

ಇಷ್ಟಾದ ಮೇಲೆ ಲೈಸೆನ್ಸ್ ಅರ್ಜಿಗೆ ಸರ್ಕಾರ ಮಾಡಿರುವ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಫಾರ್ಮ್‌ಗಳನ್ನು ಅಪ್‌ಲೋಡ್ ಮಾಡಿ, ಶುಲ್ಕ ಕಟ್ಟಿ. ಆಫೀಸಿಗೆ ಬರಲು ಹೇಳಿದ ದಿನ ಮೂಲ ಪ್ರತಿಗಳೊಂದಿಗೆ ಹೋಗಿ.

ಲೈಸೆನ್ಸ್ ಬಂದ ಮೇಲೆ

ಬಿ.ಪಿ. ಸರಿಯಾಯಿತು ಎಂದು ಬಹಳ ಜನ ಮಾತ್ರೆ ನಿಲ್ಲಿಸುವುದು ಈ ಹಂತದಲ್ಲೇ. ಅದು ಸರಿಯಾಗಿರುವುದು ಮಾತ್ರೆ ನುಂಗಿದ್ದಕ್ಕೆ. ತಿಂಗಳಿಗೊಮ್ಮೆ ಬಿ.ಪಿ. ನೋಡಿಸಿ, ತಾರೀಖಿನ ಜತೆ ಬರೆದಿಡಿ. ಟ್ರಿಪ್ ಎಷ್ಟು ದಿನದ್ದೋ ಅದಕ್ಕಿಂತ ಒಂದು ವಾರದ ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ. ಲೋಡ್ ಸಿಗದೆ ನಾಸಿಕ್‌ನಲ್ಲೋ ಸೂರತ್‌ನಲ್ಲೋ ನಾಲ್ಕು ದಿನ ನಿಲ್ಲಬೇಕಾಗಿ ಬರುವುದು ಹೊಸದೇನಲ್ಲ. ಮಾತ್ರೆಯನ್ನು ಇಂಜಿನ್ ಬಿಸಿ ಬಡಿಯುವ ಜಾಗದಲ್ಲಿ, ಬಿಸಿಲು ಬೀಳುವ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಬಟ್ಟೆ ಬ್ಯಾಗಿನಲ್ಲಿಡಿ. ಮಾತ್ರೆ ಚೀಟಿಯ ಫೋಟೊ ಫೋನ್‌ನಲ್ಲಿರಲಿ. ಯಾವ ಊರಿನ ಮೆಡಿಕಲ್ ಶಾಪ್‌ನಲ್ಲಾದರೂ ತೋರಿಸಬಹುದು.