24 ವೋಲ್ಟಿನ ಲಾರಿಯಲ್ಲಿ ಆಪ್ಟೋಕಪ್ಲರ್ ಇಲ್ಲದೆ ಪಿನ್ ಉಳಿಸಿಕೊಂಡದ್ದು

ಕೀ ಆನ್ ಆಗಿದೆಯೇ ಎಂದು ತಿಳಿಯಲು ವಾಹನದ ಇಗ್ನಿಷನ್ ತಂತಿಯನ್ನು ಮೈಕ್ರೋಕಂಟ್ರೋಲರಿನ ಪಿನ್ನಿಗೆ ತರಬೇಕಾದರೆ, ಸಂಕೇತವನ್ನು ಬೆಳಕಿನ ಮೂಲಕ ದಾಟಿಸಿ ಎರಡು ಕಡೆಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಆಪ್ಟೋಕಪ್ಲರ್ ಬೇಕೇ ಬೇಕೆಂದು ಜೊತೆಯವರೆಲ್ಲ ಪಟ್ಟು ಹಿಡಿದಿದ್ದರು. ನನ್ನ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಹಾಕಿದ ಟಿಪ್ಪರುಗಳಿಂದ ಈವರೆಗೆ ಒಂದು ಪಿನ್ನೂ ಸುಟ್ಟು ಬಂದಿಲ್ಲವಾದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲಿನ ಬೋರ್ಡುಗಳಲ್ಲಿ ರೂಢಿಯಂತೆ 10ಕೆ (10 ಸಾವಿರ ಓಮ್) ರೆಸಿಸ್ಟರ್ ಮತ್ತು ಚಿಪ್ಪಿಗೆ ವಿದ್ಯುತ್ ಕೊಡುವ 3.3 ವೋಲ್ಟಿನ ರೈಲಿಗೆ ಪಿನ್ನಿನಿಂದ ಒಂದು ಶಾಟ್ಕಿ ಡಯೋಡ್ ಇದ್ದವು. ಕಾರುಗಳಲ್ಲಿ ಹೇಗೋ ನಡೆಯಿತು. ಟಿಪ್ಪರುಗಳಿಗೆ ಹಾಕಿದ ಮೇಲೆ ಬೋರ್ಡುಗಳು ಒಂದೊಂದಾಗಿ ಹಿಂದಿರುಗತೊಡಗಿದವು. ಎಂಜಿನ್ ಓಡುವಾಗ 28 ವೋಲ್ಟ್ ಇರುವ ತಂತಿಯಿಂದ ಸುಮಾರು 2.4 ಮಿಲಿಆಂಪಿಯರ್ ಡಯೋಡಿನ ಮೂಲಕ ರೈಲಿಗೆ ನುಗ್ಗುತ್ತದೆ, ನಿದ್ರೆಯಲ್ಲಿರುವ ಚಿಪ್ಪಿಗೆ ಬೇಕಾದುದು ಕೆಲವೇ ಮೈಕ್ರೋಆಂಪಿಯರ್, ಸಾಮಾನ್ಯ ರೆಗ್ಯುಲೇಟರಿಗೆ ಕರೆಂಟ್ ಕೊಡಲು ಬರುತ್ತದೆಯೇ ಹೊರತು ಹೀರಿಕೊಳ್ಳಲು ಬರುವುದಿಲ್ಲ. ಹಾಗಾಗಿ ರೈಲೇ ಮೇಲೇರುತ್ತದೆ. ಮೀಟರಿನಲ್ಲಿ ಅದು 5 ವೋಲ್ಟ್ ದಾಟಿದ್ದನ್ನು ಕಂಡಿದ್ದೇನೆ. ಬೋರ್ಡಿಗೆ ಒಂದೂವರೆ ಸಾವಿರದಷ್ಟು ನಷ್ಟ, ಮೇಲೆ ಕ್ವಾರಿಗೆ ಹೋಗಿಬರುವ ಖರ್ಚು. ರೆಸಿಸ್ಟರನ್ನು 100ಕೆಗೆ ಏರಿಸಿ ವೋಲ್ಟೇಜನ್ನು ಮಿತಿಯಲ್ಲಿಡುವ 3.3 ವೋಲ್ಟಿನ ಜೀನರ್ ಡಯೋಡ್ ಹಾಕಿದರೆ, ಅಷ್ಟು ಸಣ್ಣ ಕರೆಂಟಿಗೆ ಅದು 2 ವೋಲ್ಟಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಪಿನ್ ಅದನ್ನು ಆನ್ ಎಂದು ಓದುವ ಭರವಸೆ ಇರುವುದಿಲ್ಲ.

ಈಗಿನ ಸರ್ಕ್ಯೂಟಿನಲ್ಲಿ ಎರಡು 47ಕೆ ರೆಸಿಸ್ಟರುಗಳು ಸರಣಿಯಲ್ಲಿ ಬಿಸಿ847 ಟ್ರಾನ್ಸಿಸ್ಟರಿನ ಬೇಸಿಗೆ ಹೋಗುತ್ತವೆ. ಬೇಸ್ ಮತ್ತು ಎಮಿಟರ್ ನಡುವೆ 10ಕೆ ರೆಸಿಸ್ಟರ್, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಗೂ ತಿರುಗುಮುರುಗಾಗಿ ಒಂದು 1ಎನ್4148 ಡಯೋಡ್ ಇವೆ. ಪಿನ್ನಿಗೆ ಸೇರುವ ಕಲೆಕ್ಟರಿಗೆ 3.3 ವೋಲ್ಟಿನ ರೈಲಿನಿಂದ 10ಕೆ ಪುಲ್-ಅಪ್ ರೆಸಿಸ್ಟರ್. ವಾಹನದ ವೋಲ್ಟೇಜು ಪಿನ್ನನ್ನು ಮುಟ್ಟುವುದೇ ಇಲ್ಲ. ಐಎಸ್‌ಒ 16750-2 ಮಾನದಂಡದಂತೆ 24 ವೋಲ್ಟಿನ ವಾಹನದ ಲೋಡ್ ಡಂಪ್ (ಚಾರ್ಜ್ ಆಗುತ್ತಿರುವಾಗ ಬ್ಯಾಟರಿ ಸಂಪರ್ಕ ತಪ್ಪಿದರೆ ಏಳುವ ವೋಲ್ಟೇಜು) 200 ವೋಲ್ಟಿನವರೆಗೂ ಹೋಗಬಹುದಾದ್ದರಿಂದ ಒಂದರ ಬದಲು ಎರಡು ರೆಸಿಸ್ಟರ್, ಅದೂ 1206 ಅಳತೆಯವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಕೊಂಡರೂ ಎಲ್ಲ ಸೇರಿ ಮೂರು ರೂಪಾಯಿ ದಾಟದು. ಬೋರ್ಡಿನ ಸಪ್ಲೈಯೂ ಅದೇ ಲಾರಿಯ ಗ್ರೌಂಡನ್ನು ಹಂಚಿಕೊಂಡಿರುವಾಗ ಆಪ್ಟೋಕಪ್ಲರ್ ಕೊಡುವ ಪ್ರತ್ಯೇಕತೆಗೆ ಅರ್ಥವೇನಿದೆ? ಪಿಸಿ817 ಎಂಬ ಆಪ್ಟೋಕಪ್ಲರಿನ ಒಳಗಿನ ಎಲ್‌ಇಡಿ ಹಿಮ್ಮುಖವಾಗಿ ತಡೆಯುವುದು 6 ವೋಲ್ಟ್ ಮಾತ್ರ, ಅಲ್ಲಿಗೂ ಇದೇ ಡಯೋಡ್ ಬೇಕು.

ಕುತೂಹಲಕ್ಕೆ ಹಾಟ್ ಏರ್ ಗನ್ನಿನಿಂದ ಟ್ರಾನ್ಸಿಸ್ಟರನ್ನು ಕಾಯಿಸಿ ನೋಡಿದೆ: ತಣ್ಣಗಿದ್ದಾಗ 6 ವೋಲ್ಟಿನ ಬಳಿ ಆನ್ ಆಗುತ್ತಿದ್ದುದು, ಚೆನ್ನಾಗಿ ಕಾದ ಮೇಲೆ 5ರ ಹತ್ತಿರಕ್ಕಿಳಿಯಿತು. ಕೀ ತೆಗೆದ ಮೇಲೂ ತಂತಿಯಲ್ಲಿ ಉಳಿಯುವ ಒಂದೆರಡು ವೋಲ್ಟಿಗೆ ಅದು ಮೋಸಹೋಗುವುದಿಲ್ಲ, ನನಗಷ್ಟು ಸಾಕು.

ಬ್ಯಾಟರಿ ಸೋತ 12 ವೋಲ್ಟಿನ ಪಿಕಪ್‌ಗಳಲ್ಲಿ ಸೆಲ್ಫ್ ಹೊಡೆಯುವಾಗ ವೋಲ್ಟೇಜು ಕುಸಿದು ಇಗ್ನಿಷನ್ ಆಫ್ ಆದಂತೆ ತೋರುವುದುಂಟು. ಕೆಪಾಸಿಟರ್ ದೊಡ್ಡದು ಮಾಡುವ ಬದಲು ಅದನ್ನು ಕೋಡಿನಲ್ಲೇ ಪರಿಹರಿಸಿದ್ದೇನೆ. ಆ ನಾಲ್ಕು ಸಾಲು ನನ್ನ ಬಳಿಯೇ ಇರಲಿ.